ಅಡಿಕೆ ಗಾತ್ರದ ಪಿಸ್ಟನ್

ಮೀನಿನವನ ಟಿವಿಎಸ್ ಎಕ್ಸೆಲ್ಲು ಸಿದ್ದಕಟ್ಟೆಯ ಕಡೆಯಿಂದ ನಮ್ಮ ಏರು ಹತ್ತಲು ಶುರುಮಾಡಿತೆಂದರೆ ಮೊದಲು ಎದ್ದು ಕೂರುವುದು ಮನೆಯ ಬೆಕ್ಕು. ಹಾರ್ನು ಇನ್ನೂ ಕೇಳಿಸಿರುವುದಿಲ್ಲ. ಮೂರು ಬೈಕು, ಒಂದು ರಿಕ್ಷಾ ಸಾಲಾಗಿ ಹೋದರೂ ಕಣ್ಣು ಬಿಡದ ಪ್ರಾಣಿ ಅದು. ಬಂಗುಡೆ, ಬೂತಾಯಿಯ ಪೆಟ್ಟಿಗೆ ಹೊತ್ತ ಆ ಸಣ್ಣ ಎಂಜಿನ್ ಏರಿನ ಅರ್ಧಕ್ಕೆ ಬಂದು, ಉಸಿರು ಬಿಗಿಹಿಡಿದು, ಸ್ವರ ಇಳಿಸುವುದನ್ನು ಮಾತ್ರ ಗುರುತಿಸಿ ಅಂಗಳಕ್ಕೆ ಇಳಿಯುತ್ತದೆ. ಎಂಜಿನ್ನನ್ನು ಕಿವಿಯಲ್ಲಿ ಗುರುತಿಸುವ ವಿದ್ಯೆಯಲ್ಲಿ ನಾನು ಆ ಬೆಕ್ಕಿನ ಶಿಷ್ಯ.

ಈ ಚಟ ನನಗೆ ಹತ್ತಿದ್ದು ಶಾಲೆಗೆ ಹೋಗುತ್ತಿದ್ದಾಗ. ಪುಣೆಯ ಕೈನೆಟಿಕ್ ಕಂಪನಿ ಇಟಲಿಯ ಪಿಯಾಜಿಯೊ ಮೊಪೆಡ್ಡಿನ ಮಾದರಿಯಲ್ಲಿ 1972ರಲ್ಲಿ ಲೂನಾ ತಂದಿತು. 1980ರಲ್ಲಿ ಹೊಸೂರಿನಿಂದ ಇಬ್ಬರು ಕೂರಬಹುದಾದ ಟಿವಿಎಸ್ 50 ಬಂತು. ಎರಡಕ್ಕೂ ಪೆಡಲು ಇತ್ತು. ನಮ್ಮ ಮಾಷ್ಟ್ರು ಸಂಜೆ ಶಾಲೆ ಬಿಟ್ಟ ಮೇಲೆ ಲೂನಾಕ್ಕೆ ಸ್ಟ್ಯಾಂಡ್ ಹಾಕಿ, ಪಂಚೆ ಎತ್ತಿ ಕಟ್ಟಿ ತುಳಿಯುತ್ತಿದ್ದರು. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಕಾಲಿನ ಸದ್ದಿನೊಳಗಿಂದಲೇ ಇನ್ನೊಂದು ಸದ್ದು ಮೊಳೆಯುತ್ತಿತ್ತು. ತುಳಿತ ಎಲ್ಲಿ ಮುಗಿಯಿತು, ಸಿಡಿತ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಬರುತ್ತಿರಲಿಲ್ಲ. ಭಾಗವತರ ಸ್ವರ ಇಳಿಯುವ ಮೊದಲೇ ಚೆಂಡೆ ಎತ್ತಿಕೊಳ್ಳುತ್ತದಲ್ಲ, ಹಾಗೆ. ದೊಡ್ಡ ಬೈಕುಗಳಲ್ಲಿ ಈ ಸಂಧಿ ಇಲ್ಲ. ಅಲ್ಲಿ ಎಂಜಿನ್ ಒಬ್ಬನದೇ ಆಟ. ಎಂಜಿನ್ ಕಟ್ಟಿದ ಸೈಕಲ್ಲಿನ ರುಚಿಯೆಲ್ಲ ಇರುವುದು ಕಾಲು ಮತ್ತು ಬೆಂಕಿ ಕೈಕೈ ಬದಲಾಯಿಸುವ ಆ ಜಾಗದಲ್ಲಿ.

ಇಷ್ಟು ವರ್ಷ ಈ ರುಚಿಯ ಬಗ್ಗೆ ನನ್ನನ್ನು ಯಾರೂ ಕೇಳಿರಲಿಲ್ಲ. ಕಳೆದ ಮಳೆಗಾಲದ ಕೊನೆಗೆ ಅಕ್ಕನ ಮಗ ಅಟ್ಟದಿಂದ ಅವನ ಅಜ್ಜನ ಕಪ್ಪು ಸೈಕಲ್ಲನ್ನು ಇಳಿಸಿ, ಜೇಡರ ಬಲೆ ಒರೆಸಿ, ನನ್ನ ಮುಂದೆ ತಂದು ನಿಲ್ಲಿಸಿದ. ಮೂಡುಬಿದಿರೆಯಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿರುವ ಹುಡುಗ. ಸೈಕಲ್ಲಿಗೆ 28 ಇಂಚಿನ ಚಕ್ರ, ಸರಳಿನ ಬ್ರೇಕು, ಮೂರು ಚೀಲ ಅಕ್ಕಿ ಹೊತ್ತು ರೂಢಿಯಾದ ಕ್ಯಾರಿಯರು.

“ಮಾವ, ಇದಕ್ಕೊಂದು ಎಂಜಿನ್ ಕೂರಿಸುವಾ. ಯಾವುದು ತೆಗೊಳ್ಳುವುದು ಅಂತ ನೀವು ಹೇಳಿ.”

ಹೇಳಿ ಅಂದನೇ ಹೊರತು ಅವನ ಮನಸ್ಸು ಆಗಲೇ ಹೇಳಿಯಾಗಿತ್ತು. ಮೊಬೈಲಿನಲ್ಲಿ ನಾಲ್ಕು ಕಿಟ್ಟುಗಳ ಚಿತ್ರ ಇತ್ತು, ಬೆರಳು ಮಾತ್ರ ಮೊದಲನೆಯದರ ಮೇಲೆಯೇ ಇತ್ತು. ಚೀನಾದಲ್ಲಿ ತಯಾರಾಗುವ, ಜಗತ್ತಿನಾದ್ಯಂತ ಹವ್ಯಾಸಿಗಳು ಮೊದಲು ಕೊಳ್ಳುವ, 80 ಸಿಸಿ ಎಂದು ಹೆಸರು ಹೊತ್ತ ಎರಡು ಸ್ಟ್ರೋಕಿನ ಎಂಜಿನ್.

ನಾನು ಅವಸರ ಮಾಡಲಿಲ್ಲ. ಒಳ್ಳೆಯ ವಸ್ತುವನ್ನು ಕೊಳ್ಳುವ ಸುಖಕ್ಕಿಂತ ಆರಿಸುವ ಸುಖ ದೊಡ್ಡದು. ಕೊಂಡ ಮೇಲೆ ಒಂದೇ ಉಳಿಯುತ್ತದೆ, ಆರಿಸುವ ತನಕ ನಾಲ್ಕೂ ನಮ್ಮವೇ. ಎರಡು ಲೋಟ ಚಾ ಹೇಳಿ, ಜಗಲಿಯಲ್ಲಿ ಕುಳಿತು, ಒಂದೊಂದನ್ನೇ ಸವಿಯಲು ಶುರುಮಾಡಿದೆವು.

ಮೊದಲನೆಯದು ನಿಜಕ್ಕೂ ಚೆಲುವಾದ ಎಂಜಿನ್ನೇ. ಸೈಕಲ್ಲಿನ ಚೌಕಟ್ಟಿನ ಎರಡು ಕೊಳವೆ ಸೇರುವ ತ್ರಿಕೋನದಲ್ಲಿ, ತಾಯಿಯ ಸೊಂಟದಲ್ಲಿ ಮಗು ಕೂತ ಹಾಗೆ ಕೂರುತ್ತದೆ. ಗಾಳಿಗೆ ತಣಿಯಲು ಸಿಲಿಂಡರಿನ ಸುತ್ತ ಪದರ ಪದರ ರೆಕ್ಕೆ. ಮೇಲಿನ ಕೊಳವೆಯ ಮೇಲೆ ಹಲಸಿನ ಬೀಜದ ಆಕಾರದ ಪುಟ್ಟ ಟ್ಯಾಂಕಿ. ಎಡಗೈಗೆ ಒಂದು ಕ್ಲಚ್ಚು. ಕ್ಲಚ್ಚು ಹಿಡಿದು ತುಳಿದು, ವೇಗ ಬಂದ ಮೇಲೆ ಬಿಟ್ಟರೆ ಎಂಜಿನ್ ಹೊತ್ತಿಕೊಳ್ಳುತ್ತದೆ. ಲೂನಾದ ಸಂಧಿಯ ರುಚಿ ಇದರಲ್ಲಿ ಪೂರ್ತಿ ಉಂಟು.

ಆದರೆ 80 ಸಿಸಿ ಎನ್ನುವುದು ಎಲ್ಲಿಂದ ಬಂತು? “ಬೋರು, ಸ್ಟ್ರೋಕು ಎಷ್ಟು ಅಂತ ನೋಡು ಮಾರಾಯ” ಅಂದೆ. ಅಗಲ 47 ಮಿಲಿಮೀಟರು, ಓಟ 38. ಹುಡುಗ ಗುಣಿಸಿದ. 66 ಸಿಸಿ ಬಂತು. ಇನ್ನೊಮ್ಮೆ ಗುಣಿಸಿದ. ಮತ್ತೆ 66. ಅದೇ ಕಿಟ್ಟಿನ ತಮ್ಮ, ಅಗಲ 40 ಇರುವುದು, ಲೆಕ್ಕಕ್ಕೆ 48ರ ಹತ್ತಿರ ನಿಲ್ಲುತ್ತದೆ. ಹೆಸರಿನಲ್ಲಿರುವ ಸಿಸಿ ಮಾರುವವನದು, ಸಿಲಿಂಡರಿನಲ್ಲಿರುವ ಸಿಸಿ ನಮ್ಮದು. ಎಂಜಿನ್ ಆರಿಸುವವನು ಕಲಿಯಬೇಕಾದ ಮೊದಲ ಪಾಠ ಇದೇ: ಡಬ್ಬಿಯ ಮೇಲಿನ ಅಂಕೆ ಬಿಟ್ಟು ಪಿಸ್ಟನ್ನಿನ ಅಗಲ ಕೇಳುವುದು.

ಅದರ ಹಿಂದಿನ ಚಕ್ರದ ಕಟ್ಟೋಣವನ್ನು ಹತ್ತಿರದಿಂದ ನೋಡಬೇಕು. 44 ಹಲ್ಲಿನ ಒಂದು ದೊಡ್ಡ ಹಲ್ಲುಚಕ್ರವನ್ನು ಹಬ್ಬಿಗೆ ಅಲ್ಲ, ಕಡ್ಡಿಗಳಿಗೇ ಕಟ್ಟುತ್ತಾರೆ. ಕಡ್ಡಿಗಳ ಒಳಗೊಂದು ಹೊರಗೊಂದು ರಬ್ಬರಿನ ಬಿಲ್ಲೆ, ನಡುವೆ ಒಂಬತ್ತು ಬೋಲ್ಟು. ಒಂದು ಬದಿಯ ಬೋಲ್ಟನ್ನು ಒಂದೇ ಸಲ ಬಿಗಿದರೆ ಹಲ್ಲುಚಕ್ರ ವಾಲುತ್ತದೆ, ಚೈನು ಕಳಚುತ್ತದೆ. ಎದುರುಬದುರು ನೋಡಿ, ಕಾಲು ಸುತ್ತು ಇಲ್ಲಿ, ಕಾಲು ಸುತ್ತು ಅಲ್ಲಿ ಬಿಗಿಯಬೇಕು. ಮೃದಂಗದ ಶ್ರುತಿ ಮಾಡುವವರು ಕಲ್ಲಿನಿಂದ ಬಿಗಿ ಕೂಡಿಸುವ ತಾಳ್ಮೆಯೇ ಇಲ್ಲೂ ಬೇಕು. ಹಾಗೆ ಕೂತ ಚಕ್ರ ತಿರುಗುವಾಗ ಹಲ್ಲುಗಳ ಅಂಚು ನೀರಿನ ಮೇಲ್ಮೈಯಂತೆ ಅಲುಗದೆ ನಿಲ್ಲುತ್ತದೆ. ನೋಡುತ್ತಾ ಕೂತರೆ ಚಾ ಆರಿಹೋಗುತ್ತದೆ.

ಎರಡನೆಯದು 49 ಸಿಸಿಯ ನಾಲ್ಕು ಸ್ಟ್ರೋಕಿನದು. ಮೊದಲನೆಯದು ಪೆಟ್ರೋಲಿಗೆ ಎಣ್ಣೆ ಬೆರೆಸಿ ಕೊಡಬೇಕಾದ ಎಂಜಿನ್. ಲೀಟರಿಗೆ 50 ಎಂಎಲ್, ಹೊಸತರಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಆ ಸುಟ್ಟ ಎಣ್ಣೆಯ ವಾಸನೆ ನನಗೆ ಬಾಲ್ಯದ ವಾಸನೆ, ನೆರೆಮನೆಯವರಿಗೆ ಬರಿಯ ಹೊಗೆ. ನಾಲ್ಕು ಸ್ಟ್ರೋಕಿನದಕ್ಕೆ ಎಣ್ಣೆ ಬೇರೆ, ಪೆಟ್ರೋಲು ಬೇರೆ. ಸ್ವರ ಮಂದ್ರದಲ್ಲಿರುತ್ತದೆ. ಹಗ್ಗ ಎಳೆದು ಚಾಲೂ ಮಾಡಿದರಾಯಿತು, ವೇಗ ಏರಿದಾಗ ತಾನಾಗಿ ಹಿಡಿಯುವ ಕ್ಲಚ್ಚು. ಸಭ್ಯ ಎಂಜಿನ್. ಆದರೆ ಅಗಲ ಹೆಚ್ಚು. ಪೆಡಲಿನ ಕ್ರ್ಯಾಂಕನ್ನೇ ಬದಲಿಸಿ ಕಾಲು ಅಗಲಿಸಿ ತುಳಿಯಬೇಕಾಗುತ್ತದೆ.

ಮೂರನೆಯದು ರೋಲರು: ಎಂಜಿನ್ನಿನ ಉರುಳೆಯೊಂದು ಟಯರನ್ನೇ ಒತ್ತಿ ಉಜ್ಜಿ ತಿರುಗಿಸುವ ಉಪಾಯ. ಫ್ರಾನ್ಸಿನ ವೆಲೊಸೊಲೆಕ್ಸ್ 1946ರಿಂದ ದಶಕಗಳ ಕಾಲ ಮುಂದಿನ ಚಕ್ರದ ಮೇಲೆ ಇಂಥದ್ದೇ ಉರುಳೆ ಇಟ್ಟುಕೊಂಡು ಓಡಾಡಿತು. ಇದಕ್ಕಿಂತ ಸರಳವಾದದ್ದು ಇಲ್ಲ: ಚೈನಿಲ್ಲ, ಹಲ್ಲಿಲ್ಲ, ಬೇಡವೆಂದರೆ ಎತ್ತಿ ಹಿಡಿದರಾಯಿತು. ಆದರೆ ನಮ್ಮದು ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಜಿಲ್ಲೆ. ಆಷಾಢದಲ್ಲಿ ವಾಮದಪದವಿನ ಏರಿನಲ್ಲಿ ಒದ್ದೆ ಟಯರಿನ ಮೇಲೆ ಉರುಳೆ ತಾನೊಬ್ಬನೇ ತಿರುಗುತ್ತಾ, ಸೈಕಲ್ಲು ನಿಂತಲ್ಲೇ ನಿಲ್ಲುವ ದೃಶ್ಯ ಕಣ್ಣ ಮುಂದೆ ಬಂತು. ಪ್ಯಾರಿಸ್ಸಿನ ರುಚಿ ಪ್ಯಾರಿಸ್ಸಿಗೆ ಇರಲಿ.

ನಾಲ್ಕನೆಯದು ಕರೆಂಟಿನದು, ಹಬ್ಬಿನೊಳಗೇ ಮೋಟಾರು ಇರುವ ಚಕ್ರ. 250 ವ್ಯಾಟಿನ ಒಳಗೆ, ಗಂಟೆಗೆ 25 ಕಿಲೊಮೀಟರಿನ ಒಳಗೆ ಇದ್ದರೆ ಸರಕಾರದ ಕಣ್ಣಿಗೆ ಅದು ಸೈಕಲ್ಲೇ. ವಿವೇಕದ ಆಯ್ಕೆ ಬೇಕೆಂದರೆ ಇದೇ. ಬೆಳ್ತಂಗಡಿಯಿಂದ ಉಜಿರೆಗೆ ದಿನಾ ಕೆಲಸಕ್ಕೆ ಹೋಗುವವರಿಗೆ ನಾನು ಕಣ್ಣುಮುಚ್ಚಿ ಹೇಳುವುದೂ ಇದನ್ನೇ. “ಆದರೆ ಇದು ಎಂತದೂ ಮಾತಾಡುವುದಿಲ್ಲ ಮಾವ” ಅಂದ ಹುಡುಗ. ಬೆಕ್ಕಿನ ಶಿಷ್ಯಪರಂಪರೆ ಮುಂದುವರಿಯುತ್ತದೆ ಎಂದು ಒಳಗೊಳಗೇ ಖುಷಿಪಟ್ಟೆ.

ಸೈಕಲ್ಲಿಗೆ ಎಂಜಿನ್ ಕಟ್ಟುವ ಈ ಆಸೆ ಇವನೊಬ್ಬನದಲ್ಲ. ಎರಡನೇ ಮಹಾಯುದ್ಧ ಮುಗಿದು ಲೋಕವೇ ಬರಿಗೈಯಾಗಿದ್ದಾಗ ಎಷ್ಟೋ ದೇಶಗಳು ಇದೇ ದಾರಿ ತುಳಿದವು. 1946ರಲ್ಲಿ ಜಪಾನಿನ ಹಮಾಮತ್ಸುವಿನಲ್ಲಿ ಸೊಯಿಚಿರೊ ಹೋಂಡಾ ಸೈನ್ಯದ ರೇಡಿಯೋ ಜನರೇಟರುಗಳ ಉಳಿಕೆ ಎಂಜಿನ್ನನ್ನು ಸೈಕಲ್ಲಿಗೆ ಕಟ್ಟಿದರು. ಮೊದಲ ಮಾದರಿಗೆ ಪೆಟ್ರೋಲ್ ಟ್ಯಾಂಕಿಯಾದದ್ದು ಚಳಿಗಾಲದಲ್ಲಿ ಹಾಸಿಗೆ ಬೆಚ್ಚಗಿಡುವ ಬಿಸಿನೀರಿನ ಪಾತ್ರೆ. 1952ರಲ್ಲಿ ಅವರ ಕಂಪನಿ ಬಿಳಿ ಟ್ಯಾಂಕಿ, ಕೆಂಪು ಎಂಜಿನ್ನಿನ ಕಬ್ ಕಿಟ್ಟನ್ನು ಊರೂರಿನ ಸೈಕಲ್ ಅಂಗಡಿಗಳ ಮೂಲಕವೇ ಮಾರಿತು. ಇಟಲಿಯ ಟ್ಯೂರಿನ್ನಿನಲ್ಲಿ ಹುಟ್ಟಿ ಡುಕಾಟಿ ಕಾರ್ಖಾನೆಯಲ್ಲಿ ಬೆಳೆದ 48 ಸಿಸಿ ಎಂಜಿನ್ನಿಗೆ ಕುಚ್ಚೊಲೊ ಎಂದು ಹೆಸರು. ನಾಯಿಮರಿ ಎಂದರ್ಥ, ಅದರ ಸೈಲೆನ್ಸರು ಹಾಗೆ ಕುಂಯ್‌ಗುಡುತ್ತಿತ್ತಂತೆ. ಇಂದು ಡುಕಾಟಿ, ಹೋಂಡಾಗಳ ದೊಡ್ಡ ಬೈಕು ನೋಡಿ ಬಾಯಿ ಬಿಡುವವರು ಅವರ ತೊಟ್ಟಿಲಲ್ಲಿ ಪೆಡಲಿನ ಸೈಕಲ್ಲು ಇದ್ದದ್ದನ್ನು ಮರೆಯುತ್ತಾರೆ. ನನಗೆ ಎಲ್ಲಕ್ಕಿಂತ ಇಷ್ಟ ಇಂಗ್ಲೆಂಡಿನ ಸೈಕಲ್‌ಮಾಸ್ಟರ್. 1950ರ ಆ ಕಿಟ್ಟಿನಲ್ಲಿ ಹಿಂದಿನ ಚಕ್ರದ ಹೊಟ್ಟೆಯೊಳಗೇ ಇಡೀ ಎಂಜಿನ್ ಅಡಗಿತ್ತು. ಅದು ಬರಿಯ 25.7 ಸಿಸಿ. ಅಷ್ಟು ಸಾಕಾಗಿತ್ತು ಅವರಿಗೆ.

‘ಸಾಕು’ ಎನ್ನುವ ಮಾತು ಮನಸ್ಸಿನಲ್ಲಿ ಕೂತಿತು. ಅದಕ್ಕೆ ಅರ್ಥ ಸಿಕ್ಕಿದ್ದು ಮರುದಿನ, ಪಾಣೆಮಂಗಳೂರಿನಲ್ಲಿ.

ಅಲ್ಲಿ ಒಬ್ಬರು ಸೈಕಲ್ ಕಾಕ ಇದ್ದಾರೆ. ನನ್ನ ಮೊದಲ ಸೈಕಲ್ಲಿನ ಪಂಕ್ಚರಿನಿಂದ ಹಿಡಿದು ನನಗೆ ಅವರೇ. ಸೈಕಲ್ಲನ್ನು ಅವರ ಮುಂದೆ ನಿಲ್ಲಿಸಿ, 80 ಸಿಸಿಯ ಚಿತ್ರ ತೋರಿಸಿದ ಹುಡುಗ. ಕಾಕ ಚಿತ್ರ ನೋಡಲಿಲ್ಲ. ಬಗ್ಗಿ ಹಿಂದಿನ ಬ್ರೇಕಿನ ಸರಳು ಎಳೆದರು. ರಬ್ಬರು ಗಟ್ಟಿಯಾಗಿ ಕಲ್ಲಾಗಿತ್ತು. ರಿಮ್ಮಿನ ಒಳಮೈಯನ್ನು ಹೆಬ್ಬೆರಳಿನಿಂದ ಉಜ್ಜಿ, ತುಕ್ಕಿನ ಕೆಂಪನ್ನು ಅವನಿಗೇ ತೋರಿಸಿದರು.

“ನೀನು ಹೋಗುವುದರ ಲೆಕ್ಕ ಹಾಕಿದ್ದಿ ಮೋನೆ. ನಿಲ್ಲುವುದರ ಲೆಕ್ಕ ಉಂಟಾ?”

ಬರುವಾಗ ಬಂಟ್ವಾಳದ ಪೇಟೆ ದಾಟುವ ತನಕ ಹುಡುಗ ಮಾತಾಡಲಿಲ್ಲ. ಮನೆಗೆ ಬಂದು ಲೆಕ್ಕ ಹಾಕಿದ. ಈ ಸೈಕಲ್ಲು ಹುಟ್ಟಿದ್ದು ಗಂಟೆಗೆ 15 ಕಿಲೊಮೀಟರ್ ಓಡಲಿಕ್ಕೆ. ಆ ಕಿಟ್ಟಿನಲ್ಲಿ ಎಂಜಿನ್ 18 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ನಿಮಿಷಕ್ಕೆ 4,000 ಸುತ್ತಿನ ಸಾಧಾರಣ ಓಟದಲ್ಲೇ 28 ಇಂಚಿನ ಚಕ್ರ ಗಂಟೆಗೆ 30 ಕಿಲೊಮೀಟರಿನ ಹತ್ತಿರ ಬರುತ್ತದೆ. ವೇಗ ಇಮ್ಮಡಿಯಾದರೆ ನಿಲ್ಲಲು ಬೇಕಾದ ದೂರ ನಾಲ್ಕು ಮಡಿ. ಅದೂ ಬಿಸಿಲಲ್ಲಿ, ಮಳೆಯಲ್ಲಿ ಸರಳಿನ ಬ್ರೇಕು ರಿಮ್ಮಿನ ನೀರನ್ನು ಒರೆಸಿದ ಮೇಲೆಯೇ ಹಿಡಿಯುವುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಬ್ರೇಕು ಇದ್ದಷ್ಟು ಎಂಜಿನ್ ಕೂರಿಸು ಎಂದು ಕಾಕ ಹೇಳಿದ್ದರು, ಮಾತು ಮಾತ್ರ ಅವರದೇ.

ಕಾನೂನೂ ಹೆಚ್ಚುಕಡಿಮೆ ಕಾಕನ ಪಕ್ಷವೇ. 1988ರ ಮೋಟಾರು ವಾಹನ ಕಾಯ್ದೆಯ ಎರಡನೇ ಕಲಮು ಮೋಟಾರು ವಾಹನ ಎಂದರೇನು ಎಂದು ವಿವರಿಸುವಾಗ ಒಂದು ಸಣ್ಣ ಕಿಂಡಿ ಬಿಟ್ಟಿದೆ: ನಾಲ್ಕಕ್ಕಿಂತ ಕಡಿಮೆ ಚಕ್ರ ಇದ್ದು, ಎಂಜಿನ್ 25 ಸಿಸಿ ಮೀರದಿದ್ದರೆ ಅದು ಮೋಟಾರು ವಾಹನವಲ್ಲ. 66 ಇರಲಿ, 49 ಇರಲಿ, ಕಟ್ಟಿದ ಕೂಡಲೇ ಅಜ್ಜನ ಸೈಕಲ್ಲು ನೋಂದಣಿ, ವಿಮೆ, ಲೈಸೆನ್ಸು ಕೇಳುವ ವಾಹನವಾಗುತ್ತದೆ. ಮನೆಯಲ್ಲಿ ಕಟ್ಟಿದ್ದಕ್ಕೆ ನೋಂದಣಿ ಮಾಡಿಸುವುದು ಆಗುಹೋಗುವ ಕೆಲಸವಲ್ಲ. ಇಂಗ್ಲೆಂಡಿನವರು ಅಂದು ಸಾಕೆಂದ ಗಾತ್ರವೂ ನಮ್ಮ ಕಾಯ್ದೆ ಬಿಟ್ಟ ಕಿಂಡಿಯೂ ಅಕ್ಕಪಕ್ಕದಲ್ಲೇ ಇರುವುದು ಕಂಡು ನನಗೆ ಮೋಜೆನಿಸಿತು.

25 ಸಿಸಿಯ ಎಂಜಿನ್ ಎಲ್ಲಿ ಹುಡುಕುವುದು? ಹುಡುಕುವುದೇ ಬೇಡ. ನಮ್ಮ ತೋಟದ ಕೊಟ್ಟಿಗೆಯಲ್ಲೇ ತೂಗುಹಾಕಿದೆ. ಹುಲ್ಲು ಕತ್ತರಿಸುವ ಮೆಷಿನಿನ ತುದಿಯಲ್ಲಿರುವುದು ಅದೇ.

ಅಡಿಕೆಯ ಊರಿನವರಿಗೆ ಸಣ್ಣ ಎಂಜಿನ್ನಿನ ಮರ್ಯಾದೆ ಯಾರೂ ಹೇಳಿಕೊಡಬೇಕಾಗಿಲ್ಲ. ಇದೇ ಬಂಟ್ವಾಳ ತಾಲೂಕಿನ ಸಜಿಪಮೂಡದ ಕೋಮಲೆಯ ಕೃಷಿಕ ಗಣಪತಿ ಭಟ್ಟರು ಅಡಿಕೆ ಮರ ಹತ್ತುವ ಸ್ಕೂಟರು ಮಾಡಿದ್ದು ನೆನಪಿರಬಹುದು. 2019ರಲ್ಲಿ ಅದರ ವಿಡಿಯೊ ದೇಶವಿಡೀ ಓಡಾಡಿತು, ಆನಂದ್ ಮಹೀಂದ್ರಾ ಕೂಡ ಮೆಚ್ಚಿ ಬರೆದರು. ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯಬೇಕಾದದ್ದು ಮರ ಜಾರುವ ಮಳೆಗಾಲದಲ್ಲೇ. ಹತ್ತುವವರು ವರ್ಷದಿಂದ ವರ್ಷಕ್ಕೆ ಕಡಿಮೆ. ಭಟ್ಟರು ಒಂದು ಸೀಟು, ಮರವನ್ನು ತಬ್ಬುವ ಚಕ್ರಗಳು, ಒಂದು ಪುಟ್ಟ ಪೆಟ್ರೋಲ್ ಎಂಜಿನ್, ಬೆಲ್ಟು, ಬ್ರೇಕು ಸೇರಿಸಿದರು. ಲೀಟರ್ ಪೆಟ್ರೋಲಿಗೆ ಸುಮಾರು 80 ಮರ ಹತ್ತಬಹುದೆಂದು ಆಗ ಸುದ್ದಿಯಾಗಿತ್ತು. ಲೋಕ ನೋಡಿದ್ದು ಅದು ಸರ್ರನೆ ಮೇಲೇರುವುದನ್ನು. ನನ್ನ ಕಣ್ಣು ಮಾತ್ರ ಇಳಿಯುವಾಗಿನ ಬ್ರೇಕಿನ ಮೇಲೆ. ಅಲ್ಲದೆ ಒಂದು ಮರದಿಂದ ಬಿಚ್ಚಿ ಪಕ್ಕದ ಮರಕ್ಕೆ ಮನುಷ್ಯನೇ ಹೊತ್ತು ಕಟ್ಟಬೇಕಾದ ಯಂತ್ರ ಅದು. ಎಂಜಿನ್ ಒಂದಿಷ್ಟು ದೊಡ್ಡದಾಗಿದ್ದರೂ ಹತ್ತುವ ಸುಖವನ್ನು ಹೊರುವ ಕಷ್ಟ ನುಂಗಿಬಿಡುತ್ತಿತ್ತು. ಎಷ್ಟು ಬೇಕೋ ಅಷ್ಟನ್ನೇ ಆರಿಸಿದ್ದು ಅದರ ಚೆಲುವು.

ಕೊಟ್ಟಿಗೆಯಿಂದ ಮೆಷಿನ್ ಇಳಿಸಿ ಜಗಲಿಯಲ್ಲಿ ಹಳೆ ಪೇಪರು ಹಾಸಿ ಬಿಚ್ಚಿದೆವು. ನಾಲ್ಕು ಸ್ಟ್ರೋಕಿನದು, ಒಂದೇ ಕೈಯಲ್ಲಿ ಎತ್ತಬಹುದಾದ ಭಾರ. ಅದರ ಹೊಟ್ಟೆಗೆ ಬೇಕಾದ ಎಣ್ಣೆ 80 ಎಂಎಲ್, ಒಂದು ಸಣ್ಣ ಲೋಟವೂ ಇಲ್ಲ. ಪಿಸ್ಟನ್ನಿನ ಅಗಲ 35 ಮಿಲಿಮೀಟರು, ಓಟ 26. ಹುಡುಗ ಆ ಅಂಕೆಯನ್ನು ಬಾಯಲ್ಲಿ ಹೇಳಿದನೇ ಹೊರತು ಗಾತ್ರ ಮನಸ್ಸಿಗೆ ಬರಲಿಲ್ಲ. ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆಯಿಂದ ಒಂದು ಹಣ್ಣಡಿಕೆ ಆರಿಸಿ ಅವನ ಅಂಗೈಯಲ್ಲಿಟ್ಟೆ. ಸಿಪ್ಪೆ ಸಮೇತ ಅದೇ ಅಗಲ. ಇಷ್ಟು ಪುಟ್ಟ ಗುಂಡು, ಉಗುರಿನ ಎರಡು ಪಟ್ಟು ದೂರ ಹಿಂದೆಮುಂದೆ ಓಡಿ, ನಿಮಿಷಕ್ಕೆ 7,000 ಸಲ ಆ ಕೆಲಸ ಮಾಡಿ, ಒಂದು ಅಶ್ವಶಕ್ತಿ ಕೊಡುತ್ತದೆ. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟು. ದಿನವಿಡೀ ತುಳಿಯುವ ಸಾಧಾರಣ ಮನುಷ್ಯನ ಕಾಲು ಕೊಡುವುದು 75ರ ಆಸುಪಾಸು. ಅಂದರೆ ಹತ್ತು ಜನ ಹಿಂದಿನಿಂದ ನೂಕಿದ ಹಾಗೆ. ಆ ಹತ್ತು ಜನ ಒಂದು ಅಡಿಕೆಯೊಳಗೆ ಕೂತಿದ್ದಾರೆ.

“ಏರಿಗೆ ಸಾಕಾದೀತಾ ಮಾವ?”

ಸೈಕಲ್ಲು, ಮನುಷ್ಯ, ಎಂಜಿನ್ ಸೇರಿ 100 ಕೆಜಿ. ನೂರು ಅಡಿಗೆ ಆರಡಿ ಏರುವ ರಸ್ತೆಯಲ್ಲಿ, ಗಂಟೆಗೆ 15 ಕಿಲೊಮೀಟರಿನಂತೆ ಹೋಗಲು ಬೇಕಾಗುವುದು 300 ವ್ಯಾಟಿನ ಸುತ್ತಮುತ್ತ. ಧಾರಾಳ ಸಾಕು. ಆದರೆ ಸಣ್ಣ ಎಂಜಿನ್ನಿನ ಓಟವನ್ನು ಇಳಿಸಿ ಇಳಿಸಿ ಚಕ್ರಕ್ಕೆ ಮುಟ್ಟಿಸಬೇಕು. ಎಂಜಿನ್ 37 ಸುತ್ತು ಬಂದರೆ ಚಕ್ರಕ್ಕೆ ಒಂದು ಸುತ್ತು. ಆಗ ಅದರ ಪೂರ್ಣ ಓಟದಲ್ಲೂ ಸೈಕಲ್ಲು 25 ಕಿಲೊಮೀಟರಿಗೆ ನಿಲ್ಲುತ್ತದೆ. ಒಂದೇ ಹಂತದಲ್ಲಿ ಅಷ್ಟು ಇಳಿಸಲು ಆಗದು. ಮೊದಲು ಹಲ್ಲಿನ ಬೆಲ್ಟು, ಆಮೇಲೆ ಚೈನು. ನಡುವಿನ ದಂಡ, ಬೇರಿಂಗಿನ ಮನೆ, ಕ್ಯಾರಿಯರಿನ ಮೇಲೆ ಕೂರಿಸುವ ತಟ್ಟೆ, ಇವನ್ನು ಬಿ.ಸಿ. ರೋಡಿನ ಒಂದು ಲೇತಿನಲ್ಲಿ ಮಾಡಿಸಿದೆವು. ಲೇತಿನ ಬಾಯಿಂದ ಉಕ್ಕಿನ ಸುರುಳಿ ನೀಲಿಯಾಗಿ ಉದುರುವುದನ್ನು ನೋಡುವಾಗ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ನೆನಪು ಬಂತು. 1430ರ ಆ ಕಂಬಗಳ ಉಂಗುರ ಉಂಗುರದ ಕಡೆತವನ್ನು ನಾನು ಚಿಕ್ಕಂದಿನಿಂದ ಬೆರಳಾಡಿಸಿ ನೋಡಿದವನು. ಕಲ್ಲಾಗಲಿ ಉಕ್ಕಾಗಲಿ, ದುಂಡಗೆ ಕಡೆದದ್ದನ್ನು ಕಂಡರೆ ಮುಟ್ಟದೆ ಇರಲಾಗುವುದಿಲ್ಲ.

ಎಂಜಿನ್ನಿಗೂ ಬೆಲ್ಟಿಗೂ ನಡುವೆ ಇರುವುದು ತಾನಾಗಿ ಹಿಡಿದು ಬಿಡುವ ಕ್ಲಚ್ಚು. ಓಟ ಏರಿದಾಗ ಅದರ ಎರಡು ಸಣ್ಣ ಕಾಲುಗಳು ಸ್ಪ್ರಿಂಗನ್ನು ಗೆದ್ದು ಹೊರಚಾಚಿ ಡ್ರಮ್ಮನ್ನು ಹಿಡಿಯುತ್ತವೆ; ಓಟ ಇಳಿದರೆ ಮುದುಡಿಕೊಂಡು ಬಿಟ್ಟುಕೊಡುತ್ತವೆ. ಬಿಟ್ಟುಕೊಡುವ ಆ ಗುಣಕ್ಕಾಗಿಯೇ ನಾನು ಇದನ್ನು ಆರಿಸಿದ್ದು. ಲೂನಾದ ಸಂಧಿ ಇದರಲ್ಲಿ ಇಲ್ಲವಲ್ಲ ಎಂದು ಒಂದು ಕೊರಗಿತ್ತು, ಅದನ್ನು ನುಂಗಿಕೊಂಡೆ.

ಎಂಜಿನ್ ಕೂರಿಸುವ ಮೊದಲು ಕಾಕನೇ ಎರಡೂ ರಿಮ್ಮು ಬದಲಿಸಿದರು, ಕಡ್ಡಿ ಹೊಸತು ಹಾಕಿ ನೂಲು ಹಿಡಿದು ಚಕ್ರದ ಆಟ ತೆಗೆದರು, ಮುಂದೆ ಹಿಂದೆ ಒಳ್ಳೆ ಕ್ಯಾಲಿಪರ್ ಬ್ರೇಕು ಕೂರಿಸಿದರು. ಒಟ್ಟು ಖರ್ಚಿನಲ್ಲಿ ಹೆಚ್ಚಿನ ಪಾಲು ಅದಕ್ಕೇ ಹೋಯಿತು. ಎಂಜಿನ್ನಿಗಿಂತ ಬ್ರೇಕಿಗೆ ಜಾಸ್ತಿ ಕೊಟ್ಟ ಲೆಕ್ಕವನ್ನು ಹುಡುಗ ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದಾನೆ.

ಮೊದಲ ಓಟ ಒಂದು ಭಾನುವಾರ ಬೆಳಿಗ್ಗೆ, ನಮ್ಮದೇ ಏರಿನಲ್ಲಿ. ಹುಡುಗ ಹೆಲ್ಮೆಟ್ ಹಾಕಿ, ಹಗ್ಗ ಎಳೆದು, ಪೆಡಲು ತುಳಿದ. ಹತ್ತು ಮಾರು ಹೋದ ಮೇಲೆ ಬಲಗೈ ತಿರುಗಿಸಿದ. ಕ್ಲಚ್ಚು ಹಿಡಿದಾಗ ಸೈಕಲ್ಲು ಜಿಗಿಯಲಿಲ್ಲ, ಯಾರೋ ಸೀಟಿನ ಹಿಂದೆ ಮೆತ್ತಗೆ ಕೈಯಿಟ್ಟ ಹಾಗೆ ಮುಂದೆ ಸರಿಯಿತು. ಕಾಲು ತುಳಿಯುತ್ತಲೇ ಇತ್ತು, ಆದರೆ ಭಾರ ಹಗುರಾಗುತ್ತಾ ಬಂತು. ಏರಿನ ಅರ್ಧದಲ್ಲಿ ಎಂಜಿನ್ನಿನ ಸ್ವರ ಇಳಿಯಿತು. ಅವನು ಎರಡು ತುಳಿತ ಗಟ್ಟಿ ಕೊಟ್ಟ, ಸ್ವರ ಮತ್ತೆ ಎದ್ದಿತು. ನಾನು ನುಂಗಿಕೊಂಡಿದ್ದ ಸಂಧಿ ಹೊರಡುವಲ್ಲಿ ಇಲ್ಲದಿದ್ದರೂ ಏರಿನ ಉದ್ದಕ್ಕೂ ಹರಡಿಕೊಂಡಿತ್ತು.

ತಿರುವಿನಾಚೆ ಸದ್ದು ಪಕ್ಕನೆ ನಿಂತಿತು. ಬೆಂಡೆಗಿಡಕ್ಕೆ ನೀರು ಬಿಡುತ್ತಿದ್ದ ಅಕ್ಕ ಪೈಪು ಕೆಳಗಿಟ್ಟು ನನ್ನನ್ನು ನೋಡಿದಳು. ಪೆಟ್ರೋಲಿನ ಕೀಲಿ ತೆರೆದಿದ್ದೇವಾ ಎಂದು ನಾನು ನೆನಪು ಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮೇಲಿಂದ ಬೇರೊಂದು ಸದ್ದು ಕೇಳಿಸಿತು: ಎಣ್ಣೆ ಬಿಟ್ಟ ಚೈನಿನ ಸರಸರ, ಬಿಟ್ಟ ಚಕ್ರದ ಟಿಕ್ಕಿಟಿಕ್ಕಿ, ಆಮೇಲೆ ಬೆಲ್ಲು. ಹುಡುಗ ಎಂಜಿನ್ ತಣ್ಣಗಾಗಿಸಿ, ಅಜ್ಜನ ಸೈಕಲ್ಲಿನಲ್ಲಿ ಇಳಿದು ಬರುತ್ತಿದ್ದ. ಬೆಕ್ಕು ಒಂದು ಕಣ್ಣು ತೆರೆದು ನೋಡಿ, ಮೀನಿನವನಲ್ಲ ಎಂದು ತಿಳಿದು, ಮತ್ತೆ ಮಲಗಿತು.